ದಪ್ಪ ತಂತಿಯ ವ್ಯಾಮೋಹ

ಬೆಂಗಳೂರಿನಲ್ಲಿ ಬೇಸ್ ಗಿಟಾರ್ ನುಡಿಸುವ ನಾಲ್ಕು ಜನ ಒಂದು ಕಡೆ ಸೇರಿದರೆ ಈಗೀಗ ಮಾತು ತಂತಿಗೇ ಬಂದು ನಿಲ್ಲುತ್ತದೆ. ‘ಫ್ಲ್ಯಾಟ್‌ವೂಂಡ್ ಹಾಕಿದ್ಯಾ? ಹಾಕೋದಾದ್ರೆ ಹೆವಿ ಹಾಕು ಮಗಾ, ಇಲ್ಲಾಂದ್ರೆ ಆ ಹಳೇ ಸೌಂಡ್ ಬರಲ್ಲ.’ ಗೊತ್ತಿಲ್ಲದವರಿಗೆ ಹೇಳ್ತೀನಿ. ಮಾಮೂಲಿ ಬೇಸ್ ತಂತಿಯ ಮೇಲೆ ದುಂಡನೆಯ ಸರಿಗೆ ಸುತ್ತಿರುತ್ತದೆ, ಬೆರಳು ಜಾರಿಸಿದರೆ ಗರಗರ ಅನ್ನುತ್ತದೆ. ಫ್ಲ್ಯಾಟ್‌ವೂಂಡ್‌ಗೆ ಚಪ್ಪಟೆ ಪಟ್ಟಿ ಸುತ್ತಿರುತ್ತದೆ, ಮುಟ್ಟಿದರೆ ನುಣುಪು. ಸದ್ದೂ ಹಾಗೇ, ಝಣಝಣ ಕಡಿಮೆ, ‘ದುಂ’ ಜಾಸ್ತಿ. ಆ ಸದ್ದು ನನಗೂ ಇಷ್ಟ. ನನ್ನ ತಕರಾರು ಅದನ್ನು ಪ್ಯಾಕೆಟ್ಟಿನಲ್ಲಿ ಕೊಂಡು ತರಬಹುದು ಅನ್ನೋ ನಂಬಿಕೆಯ ಬಗ್ಗೆ. ತಂತಿ ಬದಲಾಯಿಸುವವರು ಆ ತಂತಿಯನ್ನು ಹೊತ್ತು ನಿಂತ ಮರದ ಕಡೆ ತಿರುಗಿಯೂ ನೋಡುವುದಿಲ್ಲ.

ಲೆಕ್ಕ ಸುಲಭದ್ದು, ಪಿಯುಸಿ ಫಿಸಿಕ್ಸು. ತಂತಿಯ ಉದ್ದ ಅದೇ 34 ಇಂಚು, ದಪ್ಪ ತಂತಿಯ ಶ್ರುತಿಯೂ ಅದೇ 41 ಹರ್ಟ್ಸ್ ಆಸುಪಾಸು. ಎರಡೂ ಬದಲಾಗದೆ ತಂತಿಯ ತೂಕ ಮಾತ್ರ ಹೆಚ್ಚಾದರೆ, ಅದೇ ಪ್ರಮಾಣದಲ್ಲಿ ಎಳೆತವೂ ಹೆಚ್ಚಬೇಕು, ಬೇರೆ ದಾರಿಯೇ ಇಲ್ಲ. ಮಾಮೂಲಿ ನಾಲ್ಕು ತಂತಿಗಳ ಎಳೆತ ಒಟ್ಟು ಸೇರಿ ಹೆಚ್ಚುಕಡಿಮೆ 75-80 ಕೆ.ಜಿ. ಅಂದರೆ 50 ಕಿಲೋದ ಅಕ್ಕಿ ಮೂಟೆ ಒಂದೂವರೆ. ಹೆವಿ ಫ್ಲ್ಯಾಟ್‌ವೂಂಡ್ ಹಾಕಿದರೆ ಅದು 90 ದಾಟುತ್ತದೆ. ಇಷ್ಟನ್ನು ಹಗಲೂ ರಾತ್ರಿ ತಡೆದುಕೊಂಡು ನಿಲ್ಲಬೇಕಾದದ್ದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಮರದ ನೆಕ್ಕು. ಅದು ಬಾಗುತ್ತದೆ. ಬಾಗದೆ ಏನು ಮಾಡೀತು?

ಇದಕ್ಕಂತಲೇ ನೆಕ್ಕಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಟ್ರಸ್ ರಾಡ್. ಗಿಬ್ಸನ್ ಕಂಪನಿಯಲ್ಲಿದ್ದ ಥಡೀಯಸ್ ಮ್ಯಾಕ್‌ಹ್ಯೂ 1920ರ ದಶಕದ ಶುರುವಿನಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಫೆಂಡರ್‌ನ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ. ತಂತಿ ನೆಕ್ಕನ್ನು ಮುಂದಕ್ಕೆ ಬಗ್ಗಿಸಿದರೆ ರಾಡು ಹಿಂದಕ್ಕೆ ಎಳೆಯುತ್ತದೆ. ಎರಡರ ಜಗಳದಲ್ಲಿ ಉಳಿಯುವ ಚೂರು ಬಾಗಿಗೆ ರಿಲೀಫ್ ಅಂತಾರೆ.

ಈ ಜಗಳ ನಾನು ಹತ್ತಿರದಿಂದ ಕಂಡದ್ದು ನಮ್ಮೂರಲ್ಲಿ. ನಾನು ಕಲ್ಯಾಣಪುರದವನು. ಸಂತೆಕಟ್ಟೆಯಲ್ಲಿ ಬಸ್ಸಿಳಿದು ಮಿಲಾಗ್ರಿಸ್ ಚರ್ಚಿನ ಕಡೆಗೆ ನಡೆದವರಿಗೆ ಗೊತ್ತು, ಅಲ್ಲಿ ಕ್ರಿಶ್ಚಿಯನ್ನರ ಮನೆಯಲ್ಲಿ ಹುಟ್ಟದವರ ಕಿವಿಗೂ ಕೊಂಕಣಿ ಹಾಡು ಬೀಳುತ್ತಲೇ ಇರುತ್ತದೆ. ಬೇಸ್ ಅನ್ನುವುದು ಎದೆಗೆ ತಾಗುವ ಸದ್ದು ಅಂತ ನನಗೆ ತಿಳಿದದ್ದು ಪಕ್ಕದ ಮನೆಯ ರೋಸ್ ಕಾರ್ಯಕ್ರಮದಲ್ಲಿ, ಮದುವೆಯ ಹಿಂದಿನ ಸಂಜೆ, ಬ್ಯಾಂಡಿನವರ ಪೆಟ್ಟಿಗೆ ಪಕ್ಕ ನಿಂತಾಗ. ಈ ಸಲ ಜೂನಿನಲ್ಲಿ ಊರಿಗೆ ಹೋದಾಗ ಆಚೆ ಮನೆಯ ಹುಡುಗ ಒಂದು ಬೇಸ್ ಹೊತ್ತುಕೊಂಡು ಬಂದ. ಹತ್ತಿರದ ಒಂದು ಕಾಯರಿನದು, ನಾಲ್ಕೈದು ಮನೆಯವರು ದುಡ್ಡು ಹಾಕಿ ಕೊಂಡದ್ದು, ಅವರಲ್ಲಿರುವುದು ಇದೊಂದೇ. ಇವನು ಹೆವಿ ಫ್ಲ್ಯಾಟ್‌ವೂಂಡ್ ಹಾಕಿದ್ದಾನೆ. ತಂತಿ ಮೇಲೆದ್ದು ಕೂತಿದೆ, ಒತ್ತಿದರೆ ಬೆರಳು ಉರಿಯುತ್ತದೆ.

‘ಅಣ್ಣ, ಕೀ ಹಾಕಿ ತಿರುಗಿಸಿದ್ರೆ ತಂತಿ ಕೆಳಗೆ ಬರ್ತದಂತೆ. ಎಷ್ಟು ತಿರುಗಿಸುದು?’

‘ಯಾರು ಹೇಳಿದ್ದು?’

‘ಅಂಗಡಿಯವರು. ಸೀದಾ ಆಗುವವರೆಗೆ ತಿರುಗಿಸು ಅಂದ್ರು.’

ಈ ಸಲಹೆ ಬೆಂಗಳೂರಿನಲ್ಲೂ ಕೇಳಿದ್ದೇನೆ. ಇದು ಅರ್ಧ ಸರಿ, ಅದಕ್ಕೇ ಅಪಾಯ. ತಂತಿಯ ಎತ್ತರ ಇಳಿಸೋದು ಬ್ರಿಜ್ಜಿನ ಸ್ಯಾಡಲ್ ಸ್ಕ್ರೂಗಳ ಕೆಲಸ. ರಾಡಿನ ಕೆಲಸ ಬಾಗು ಸರಿಮಾಡುವುದಷ್ಟೇ. ಎತ್ತರ ಇಳಿಸಲು ರಾಡು ತಿರುಗಿಸುತ್ತಾ ಹೋದರೆ ಒಂದೋ ನೆಕ್ಕು ಹಿಂದಕ್ಕೆ ಬಾಗಿ ಮೊದಲ ಫ್ರೆಟ್‌ಗಳಲ್ಲಿ ತಂತಿ ಚರಚರ ಅನ್ನುತ್ತದೆ, ಇಲ್ಲಾ ರಾಡಿನ ತಿರುಪು ಹಾಳಾಗುತ್ತದೆ, ರಾಡೇ ತುಂಡಾದರೂ ಆದೀತು. ಕಡಿಮೆ ಬೆಲೆಯ ಗಿಟಾರಿನಲ್ಲಿ ರಾಡು ಹೋದರೆ ರಿಪೇರಿ ಖರ್ಚು ಗಿಟಾರನ್ನೇ ಮೀರಿಸುತ್ತದೆ. ಆಗ ಕಾಯರಿಗೆ ಬೇಸೇ ಇಲ್ಲ.

ನಾವು ಮಾಡಿದ್ದು ಬೋರ್ ಹೊಡೆಸುವಷ್ಟು ಸಾವಧಾನದ ಕೆಲಸ. ಮೊದಲು ತಂತಿಗಳನ್ನು ನುಡಿಸುವ ಶ್ರುತಿಗೇ ಏರಿಸಿದೆವು, ಸಡಿಲ ತಂತಿಯಲ್ಲಿ ಅಳೆದ ಅಳತೆಗೆ ಅರ್ಥ ಇಲ್ಲ. ಮೊದಲ ಫ್ರೆಟ್‌ಗೆ ಕೇಪೋ, ಕೊನೆಯ ಫ್ರೆಟ್ ಮೇಲೆ ಬೆರಳು, ಏಳೆಂಟನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದಿ ಇದೆ ಅಂತ ನೋಡುವುದು. ಅದಕ್ಕೆ ಬೇಕಾದ ಫೀಲರ್ ಗೇಜನ್ನು ಸಂತೆಕಟ್ಟೆಯ ಬೈಕ್ ಗ್ಯಾರೇಜಿನಿಂದ ಕಡ ತಂದೆವು, ಅವರು ಪ್ಲಗ್ ಗ್ಯಾಪ್ ನೋಡುವುದೂ ಅದರಲ್ಲೇ. (ಗಿಟಾರ್ ಅಂಗಡಿಯಲ್ಲಿ ಇದನ್ನೇ ಡಬ್ಬಿಗೆ ಹಾಕಿ ಮೂರು ಪಟ್ಟು ರೇಟಿಗೆ ಮಾರ್ತಾರೆ.) ಸಂದಿ 0.9 ಮಿ.ಮೀ. ಇತ್ತು. ಫೆಂಡರ್‌ನವರು ಹೇಳುವುದು 0.25ರಿಂದ 0.35. ತಂತಿ ಸ್ವಲ್ಪ ಸಡಿಲಿಸಿ, ಅಳತೆ ಸರಿಯಾದ ಅಲೆನ್ ಕೀಯಿಂದ ಬಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ಆಮೇಲೆ ಮಾರನೇ ದಿನದವರೆಗೆ ಮುಟ್ಟಬಾರದು, ಮರಕ್ಕೆ ಕೂರಲು ಟೈಮ್ ಬೇಕು. ಮೂರು ದಿನದಲ್ಲಿ 0.35ಕ್ಕೆ ಬಂತು. ಅದಾದ ಮೇಲೆಯೇ ಸ್ಯಾಡಲ್ ಇಳಿಸಿದ್ದು, ಕೊನೆಗೆ 12ನೇ ಫ್ರೆಟ್‌ನಲ್ಲಿ ಶ್ರುತಿ ಹೊಂದಿಸಿದ್ದು. ಇನ್ನೊಂದು ಕಡೆ ಯಾರೂ ನೋಡುವುದಿಲ್ಲ: ತಲೆಯ ಹತ್ತಿರ ತಂತಿ ಹಾಯುವ ಬಿಳಿ ಪಟ್ಟಿಯ ಕಚ್ಚು. ತೆಳು ತಂತಿಗೆ ಕೊರೆದ ಕಚ್ಚಿನಲ್ಲಿ ದಪ್ಪ ತಂತಿ ಇಳಿಯದೆ ಮೇಲೆಯೇ ಕೂತಿತ್ತು. ಅದನ್ನು ರಾಡಿನಿಂದ ಸರಿಮಾಡುತ್ತೇನೆ ಅನ್ನುವವರಿಗೆ ಕೈ ಮುಗಿಯಬೇಕು.

ಮೋಟೌನ್ ಸದ್ದು ಅಂತ ಎಲ್ಲರೂ ಹೇಳುವ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೂಂಡ್ ಹಾಕಿದ 1962ರ ಪ್ರಿಸಿಷನ್. ತಂತಿ ತುಂಡಾಗದೆ ಆತ ಬದಲಾಯಿಸುತ್ತಿರಲಿಲ್ಲ. ಇಷ್ಟನ್ನು ನಮ್ಮವರು ಬಾಯಿಪಾಠ ಮಾಡಿದ್ದಾರೆ. ಆದರೆ ಅವನ ತಂತಿ ಎತ್ತರದಲ್ಲಿತ್ತು, ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಅವನ ತಂತಿ ಬೇಕು, ಆದರೆ ಎತ್ತರ ಇವತ್ತಿನ ಸ್ಲ್ಯಾಪ್ ವೀಡಿಯೋದ್ದು ಬೇಕು, ಕಾಗದ ತೂರಿಸುವಷ್ಟು. ಎರಡೂ ಸೇರಿದರೆ ಸಿಗುವುದು ತಂತಿ ಫ್ರೆಟ್‌ಗೆ ಬಡಿಯುವ ಕಟಕಟ. ಆ ಕಟಕಟ ಹೋಗಲಿ ಅಂತಲೇ ಅಲ್ಲವೇ ಫ್ಲ್ಯಾಟ್‌ವೂಂಡ್ ತಂದದ್ದು?

ನಿಜ ಹೇಳಬೇಕಂದ್ರೆ ಹಳೆಯ ಬೇಸಿನ ರುಚಿಗೆ ನಾವು ಡೆಟ್ರಾಯಿಟ್ ತನಕ ಹೋಗಬೇಕಿಲ್ಲ. ಶಂಕರ್ ನಾಗ್ ಅವರ 1981ರ ‘ಗೀತಾ’ ಹಾಕಿ, ಇಳಯರಾಜ ಸಂಗೀತ, ‘ಜೊತೆಯಲಿ’ ಹಾಡು. ಒಮ್ಮೆ ಎಸ್‌ಪಿಬಿ, ಜಾನಕಿ ಇಬ್ಬರನ್ನೂ ಮರೆತು ಬೇಸ್ ಒಂದನ್ನೇ ಹಿಂಬಾಲಿಸಿ. ನನ್ನ ಕಿವಿಗೆ ಅಲ್ಲಿ ಮುಖ್ಯವಾಗುವುದು ದಪ್ಪವಲ್ಲ, ಸ್ವರ ಎಲ್ಲಿ ನಿಲ್ಲುತ್ತದೆ ಅನ್ನುವುದು. ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಅದು ನಡೆಯುತ್ತದೆ, ಅವರು ಸ್ವರ ಹಿಡಿದ ಕಡೆ ತಗ್ಗುತ್ತದೆ. ಇದು ಯಾವ ತಂತಿಯಲ್ಲಿ ಬೇಕಾದರೂ ಆಗುತ್ತದೆ, ನುಡಿಸುವವನಿಗೆ ಹಾಡು ಕೇಳಿಸುತ್ತಿದ್ದರೆ.

ಚರ್ಚಿನಲ್ಲಿ ಮಾತ್ರ ಫ್ಲ್ಯಾಟ್‌ವೂಂಡ್ ಪರವಾಗಿ ನಾನು ವಾದ ಮಾಡುತ್ತೇನೆ. ಎತ್ತರದ ಚಾವಣಿ, ಬರೀ ಗೋಡೆ, ಎಲ್ಲಾ ಸದ್ದೂ ಒಂದೆರಡು ಸೆಕೆಂಡ್ ಹೆಚ್ಚೇ ಉಳಿಯುವ ಜಾಗ. ಅಲ್ಲಿ ಝಣಝಣ ತಂತಿ ಹಾಡಿನ ವ್ಯಂಜನಗಳ ಮೇಲೆಯೇ ಬಂದು ಕೂರುತ್ತದೆ, ಮಾತು ಕಲಸಿಹೋಗುತ್ತದೆ. ಫ್ಲ್ಯಾಟ್‌ವೂಂಡ್‌ನ ಸ್ವರ ಬೇಗ ಕಂತುವುದರಿಂದ ಪದಗಳಿಗೆ ಜಾಗ ಬಿಡುತ್ತದೆ. ಭಾನುವಾರ ಹೊರಗಿನ ಮೆಟ್ಟಿಲ ಹತ್ತಿರ ನಿಂತು ಕೇಳಿದಾಗ ಮುದುಕಿಯರ ದನಿ ಬಿಡಿಬಿಡಿಯಾಗಿ ಕೇಳುತ್ತಿತ್ತು, ಕೆಳಗೆ ಬೇಸ್ ಇದೆ ಅಂತ ಕಾಲಿಗೆ ಗೊತ್ತಾಗುತ್ತಿತ್ತು.

ಹಾಗಂತ ಹೆವಿಯೇ ಬೇಕೆಂದಿಲ್ಲ. ಕಡಿಮೆ ಎಳೆತದ ಫ್ಲ್ಯಾಟ್‌ವೂಂಡ್‌ಗಳೂ ಇವೆ, ಥೋಮಾಸ್ಟಿಕ್ ಅದಕ್ಕೇ ಹೆಸರುವಾಸಿ, ಆದರೆ ರೇಟು ಕೇಳಿದರೆ ಕಾಯರಿನವರು ಎದ್ದು ಹೋಗುತ್ತಾರೆ. ಅದೇ ಹೆವಿ ತಂತಿಯನ್ನು ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿದರೆ ಎಳೆತ ಸುಮಾರು 11 ಪರ್ಸೆಂಟ್ ಇಳಿಯುತ್ತದೆ, ಒಂದು ಪೂರ್ತಿ ಸ್ವರ ಇಳಿಸಿದರೆ 20. ಆ ಹಳೆಯ ನೆಕ್ಕಿಗೆ ನಾನು ಸೂಚಿಸಿದ್ದು ಅರ್ಧ ಸ್ವರ. ಹುಡುಗ ಒಪ್ಪಲಿಲ್ಲ. ‘ಕೀಬೋರ್ಡಿನವರು ಸಿ ಅಂದ್ರೆ ನಾನು ಸಿ ಶಾರ್ಪ್ ಒತ್ಬೇಕಲ್ಲ ಅಣ್ಣ, ಹಾಡಿನ ಮಧ್ಯೆ ಯಾರು ಲೆಕ್ಕ ಹಾಕುದು?’ ಅಂದ. ಅದೂ ಸರಿಯೇ. ಹಾಗಾಗಿ ಮಳೆ ಕಳೆದ ಮೇಲೆ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಗೇಜ್ ಹಾಕಿ ನೋಡುವುದು ಅಂತ ಆಯ್ತು. ಅಲೆನ್ ಕೀ ಮಾತ್ರ ಕಾಯರ್ ಮಾಸ್ಟರ ಹತ್ತಿರ ಇದೆ.