ಬಯಕೆಗೆ ಇಟ್ಟ ಹೆಸರು

ಹೊಳೆನರಸೀಪುರದ ನಮ್ಮ ಚಿಕ್ಕಮ್ಮನಿಗೆ ಹದಿನೆಂಟರ ವಯಸ್ಸಿನಲ್ಲಿ ಮೂರ್ಛೆ ಬರುತ್ತಿತ್ತು. ಅಜ್ಜಿ ‘ಗಾಳಿ ಸೋಕಿದೆ’ ಎಂದರು. ಡಾಕ್ಟರು ‘ಹಿಸ್ಟೀರಿಯಾ’ ಎಂದರು. ಇಬ್ಬರೂ ಹೇಳಿದ ಮದ್ದು ಮಾತ್ರ ಒಂದೇ: ಬೇಗ ಮದುವೆ ಮಾಡಿ.

ಹಿಸ್ಟೀರಿಯಾ ಎಂಬುದು ಗರ್ಭಕೋಶಕ್ಕಿರುವ ಗ್ರೀಕ್ ಪದದಿಂದ ಹುಟ್ಟಿದ ಹೆಸರು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಅದನ್ನು ಮನಸ್ಸಿನ ಗಾಯವೆಂದು ವಿವರಿಸಿದರು. ಅದುಮಿಟ್ಟ ಬಯಕೆಯೇ ಕಾಯಿಲೆಯಾಗುತ್ತದೆಂಬ ಮಾತು ಮುಂದೆ ಫ್ರಾಯ್ಡ್ ಹೆಸರಿನಲ್ಲಿ ಎಲ್ಲೆಡೆ ಹಬ್ಬಿತು. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಿಂದ ಆ ಹೆಸರನ್ನೇ ಕೈಬಿಟ್ಟರು. ನಮ್ಮ ಕಾದಂಬರಿಗಳು ಅಷ್ಟು ಸುಲಭವಾಗಿ ಕೈಬಿಡಲಿಲ್ಲ.

ಹೆಸರಿನಲ್ಲೇ ಅರಕಲಗೂಡನ್ನು ಹೊತ್ತಿದ್ದ ಅ.ನ.ಕೃ. ‘ನಗ್ನಸತ್ಯ’ದಂಥ ಕಾದಂಬರಿಗಳಲ್ಲಿ ವೇಶ್ಯೆಯರ ಬದುಕನ್ನು ಬರೆದು ಅಶ್ಲೀಲತೆಯ ಆರೋಪ ಹೊತ್ತರು, ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಬರೆದು ಉತ್ತರ ಕೊಟ್ಟರು. ಬಾಗಿಲು ತೆರೆಯಿತು, ನಿಜ. ಆದರೆ ಗೃಹಿಣಿಯ ಬಯಕೆ?

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರ ‘ವಂಶವೃಕ್ಷ’ದಲ್ಲಿ (1965) ವಿಧವೆ ಕಾತ್ಯಾಯನಿ ಒಲಿದು ಮರುಮದುವೆಯಾಗುತ್ತಾಳೆ. ಮತ್ತೆ ಮತ್ತೆ ಗರ್ಭಪಾತ, ಕೊರಗು, ಕೊನೆಗೆ ಸಾವು. ಅವಳ ಅಳುಕನ್ನು ಭೈರಪ್ಪನವರು ಎಷ್ಟು ನಿಜವಾಗಿ ಬರೆದಿದ್ದಾರೆಂದರೆ ನಾನು ಓದುತ್ತಾ ಅತ್ತಿದ್ದೇನೆ. ಆದರೂ ನನ್ನ ತಕರಾರು ಉಳಿದಿದೆ. ಗರ್ಭಪಾತಕ್ಕೆ ವೈದ್ಯಶಾಸ್ತ್ರದಲ್ಲಿ ಹತ್ತಾರು ಕಾರಣಗಳಿವೆ, ಮರುಮದುವೆ ಅವುಗಳಲ್ಲಿಲ್ಲ. ಇಲ್ಲಿ ದೇಹವೇ ನ್ಯಾಯಾಧೀಶನಾಗಿ ತೀರ್ಪು ಕೊಟ್ಟಂತಿದೆ.

ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಬೇರೆ ದಾರಿ ಹಿಡಿದರು. ‘ಶರಪಂಜರ’ದ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕದಡುತ್ತದೆ, ಚಿಕಿತ್ಸೆಯಿಂದ ವಾಸಿಯೂ ಆಗುತ್ತದೆ. ವಾಸಿಯಾಗದಿರುವುದು ಮನೆಯವರ ಅನುಮಾನ. ಗಂಡ ದೂರವಾಗುತ್ತಾನೆ, ನೆರೆಯವರು ಪಿಸುಗುಟ್ಟುತ್ತಾರೆ, ಅವಳು ಮತ್ತೆ ಕುಸಿಯುತ್ತಾಳೆ. ರೋಗ ಯಾರದೆಂದು ತ್ರಿವೇಣಿ ತಿರುಗಿಸಿ ಕೇಳಿದರು.

ಹಾಸನದ ಬಾನು ಮುಷ್ತಾಕರ ‘ಕರಿ ನಾಗರಗಳು’ ಕತೆಯಲ್ಲಿ ಮುತವಲ್ಲಿಯ ಹೆಂಡತಿ ಅಮೀನಾ, ಹೆತ್ತದ್ದು ಸಾಕೆಂದು ತಾನೇ ಆಪರೇಷನ್ನಿಗೆ ಹೊರಡುತ್ತಾಳೆ. ಅವಳ ದೇಹದ ಮಾತನ್ನು ಕೊನೆಗೂ ಅವಳೇ ಆಡುತ್ತಾಳೆ.

ಚಿಕ್ಕಮ್ಮನಿಗೆ ಮದುವೆಯಾದ ಮೇಲೂ ಮೂರ್ಛೆ ಬಂತು. ‘ಒಂದು ಮಗುವಾದರೆ ಸರಿಹೋಗುತ್ತೆ’ ಎಂದರು. ಮೂರಾದವು. ನಲವತ್ತರ ಹೊತ್ತಿಗೆ ಹಾಸನದ ವೈದ್ಯರೊಬ್ಬರು ಪರೀಕ್ಷೆ ಮಾಡಿಸಿ, ಅದು ಫಿಟ್ಸ್ ಎಂದು ಗುರುತಿಸಿ ಮಾತ್ರೆ ಬರೆದುಕೊಟ್ಟರು. ಆಮೇಲೆ ಮೂರ್ಛೆ ನಿಂತಿತು. ‘ಶರಪಂಜರ’ ಓದಿ ಮುಗಿಸಿದ ದಿನ ಅವಳು ನನ್ನನ್ನು ಕೇಳಿದ್ದು ಇಷ್ಟೇ: “ಇವಳ ಮನೇಲಾದ್ರೂ ‘ನಿಂಗೇನಾಗ್ತಿದೆಯಮ್ಮ’ ಅಂತ ಯಾರಾದ್ರೂ ಅವಳನ್ನೇ ಕೇಳಿದ್ರೇನೇ?”