ಡ್ರಮ್ಮರನ ಕೈ ಯಾಕೆ ತಡವರಿಸಿತು?

ಡ್ರಮ್ ಬಾರಿಸಿ ಬಾರಿಸಿ ಪಳಗಿದ ಕೈ. ಕೋಲು ಹಿಡಿದರೆ ಮಿಂಚು. ಅದೇ ಕೈ ಸನ್ನೆಭಾಷೆಯ ನಾಲ್ಕು ಮಾತಿಗೆ ಮರಗಟ್ಟುತ್ತದೆ. ಡೇರಿಯಸ್ ಮಾರ್ಡರ್ ನಿರ್ದೇಶನದ ‘ಸೌಂಡ್ ಆಫ್ ಮೆಟಲ್’ (2019) ಚಿತ್ರಕ್ಕೆ ಅತ್ಯುತ್ತಮ ಶಬ್ದದ ಆಸ್ಕರ್ ಬಂತು. ಹೊಗಳಿದವರಲ್ಲಿ ಹಲವರು ಶಬ್ದವನ್ನೇ ಹೊಗಳಿದರು. ನನ್ನ ಕಣ್ಣು ನೆಟ್ಟಿದ್ದು ಅದರ ಡ್ರಮ್ಮರ್ ರೂಬೆನ್‌ನ ಕೈಗಳ ಮೇಲೆ.

ಇದ್ದಕ್ಕಿದ್ದಂತೆ ಕಿವಿ ಕೇಳದಾದ ರೂಬೆನ್ (ರಿಜ್ ಅಹಮದ್) ಮಾದಕವ್ಯಸನ ಬಿಟ್ಟು ನಾಲ್ಕು ವರ್ಷವಾದವನು. ಅವನು ಸೇರುವುದು ವ್ಯಸನದಿಂದ ಹೊರಬರುತ್ತಿರುವ ಕಿವುಡರ ಮನೆಗೆ. ಅದನ್ನು ನಡೆಸುವ ಜೋ ಅವನಿಗೆ ಹಚ್ಚುವ ಕೆಲಸ ವಿಚಿತ್ರ: ಬೆಳಗಿನ ಜಾವ ಖಾಲಿ ಕೋಣೆಯಲ್ಲಿ ಸುಮ್ಮನೆ ಕೂರಬೇಕು, ಕೂರಲಾಗದಿದ್ದರೆ ಬರೆಯಬೇಕು. ಮುಂದೆ ಕಾಫಿ, ಒಂದು ಡೋನಟ್. ರೂಬೆನ್ ಡೋನಟ್ಟನ್ನು ಗುದ್ದಿ ಅಪ್ಪಚ್ಚಿ ಮಾಡುತ್ತಾನೆ. ‘ದುಡ್ಡು ಹೊಂದಿಸಿದರೆ ಕಿವಿ ವಾಪಸ್ ಬರುತ್ತೆ’ ಎಂದು ಅವನೊಳಗೊಬ್ಬ ಹಲುಬುತ್ತಲೇ ಇದ್ದಾನೆ. ಅವನು ಬಾಯಿ ಮುಚ್ಚದೆ ಹೊಸ ಭಾಷೆ ಕೈಗಿಳಿಯದು. ಪಾಠಕ್ಕಿಂತ ಮೊದಲು ಜೋ ಹಿಡಿದದ್ದು ಈ ಒಳಮಾತನ್ನು. ಚಿತ್ರದ ನಿಜವಾದ ಒಳನೋಟ ಇದೇ.

ಯಾಕೆಂದರೆ ಸನ್ನೆ ಬರೀ ಬೆರಳಾಟವಲ್ಲ. ಅಮೆರಿಕನ್ ಸನ್ನೆಭಾಷೆಯಲ್ಲಿ ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ಹುಬ್ಬು ಏರಬೇಕು, ‘ಏನು, ಯಾಕೆ’ಗೆ ಗಂಟಿಕ್ಕಬೇಕು. ಹುಬ್ಬೇ ಅಲ್ಲಿ ವ್ಯಾಕರಣ. ನಾವಾದರೆ ನೊಂದಾಗ ತಲೆ ತಗ್ಗಿಸಿ ಗೊಣಗಿಯಾದರೂ ಬದುಕಿಕೊಳ್ಳುತ್ತೇವೆ. ಮುಖ ತಪ್ಪಿಸಿದವನಿಗೆ ಅಲ್ಲಿ ಅರ್ಧ ಭಾಷೆಯೇ ಇಲ್ಲ.

ಮೊದಲ ಊಟದ ಮೇಜಿನ ಹರಟೆಗೆ ಅಡಿಬರಹವಿಲ್ಲ. ರೂಬೆನ್‌ನಂತೆ ನಾವೂ ಪೆದ್ದುಪೆದ್ದಾಗಿ ಕೂತಿರುತ್ತೇವೆ. ಜಾಣ ಉಪಾಯ. ಆದರೆ ಕಲಿಕೆಯ ಹೊತ್ತಿಗೆ ಚಿತ್ರ ಅವಸರಕ್ಕೆ ಬಿದ್ದಿದೆ. ನಾಲ್ಕಾರು ದೃಶ್ಯಗಳಲ್ಲಿ ಅವನ ಕೈ ಸರಾಗವಾಗಿಬಿಡುತ್ತದೆ. ಎಡವಿದ ಸನ್ನೆ, ತಪ್ಪಿದಾಗಿನ ನಾಚಿಕೆ, ತನ್ನನ್ನೇ ಬೈದುಕೊಳ್ಳುವ ಗಳಿಗೆ ಕತ್ತರಿಗೆ ಸಿಕ್ಕಿವೆ. ಮನಸ್ಸಿನ ಗಾಯ ಭಾಷೆಗೆ ಅಡ್ಡ ಬರುವುದು ಅಲ್ಲೇ ತಾನೆ?

ಇನ್ನೊಂದು ಗಾಯ ಚಿತ್ರದ ಹೊರಗೇ ಉಳಿದಿದೆ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಸನ್ನೆ ಬೇಡ, ಬಾಯಿಮಾತೇ ಸಾಕು ಎಂದು ಠರಾವು ಮಾಡಿತು. ಆಮೇಲೆ ಎಷ್ಟೋ ಶಾಲೆಗಳಲ್ಲಿ ಕೈಯಾಡಿಸಿದ ಮಕ್ಕಳಿಗೆ ಏಟು ಬಿತ್ತು. ರೂಬೆನ್ ಕಳೆದುಕೊಂಡದ್ದು ಸದ್ದು. ಆ ಮಕ್ಕಳಿಂದ ಕಿತ್ತುಕೊಂಡದ್ದು ಭಾಷೆ. ಸ್ವಂತ ಭಾಷೆಗೇ ಹೇಸಲು ಕಲಿತ ಕೈ ಹೇಗೆ ತೊದಲುತ್ತದೆಂಬುದು ಬೇರೆಯದೇ ಕಥೆ.

ಕೊನೆಗೆ ರೂಬೆನ್ ಕಿವಿಗೆ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾನೆ. ಅದನ್ನು ತಿಳಿದ ಜೋ ಮನೆ ಬಿಡಲು ಹೇಳುತ್ತಾನೆ. ಬೆಂಚಿನ ಮೇಲೆ ಕೂತು ಕಿವಿಯ ಯಂತ್ರಗಳನ್ನು ಕಳಚಿದ ಆ ಕೈಗಳು ಮುಂದೆ ಯಾರೊಡನೆ ಮಾತಾಡಿದವು ಎಂಬುದನ್ನು ಚಿತ್ರ ತೋರಿಸುವುದಿಲ್ಲ.