ವದಂತಿ ಅಂಟದ ಮುಖ

ಪ್ರಸಿದ್ಧರ ಮುಖವನ್ನು ನಾವು ಬರಿಗಣ್ಣಿನಿಂದ ನೋಡುವುದು ಅಪರೂಪ. ಅವರ ಬಗ್ಗೆ ಕೇಳಿದ ಮಾತುಗಳು ಅಡ್ಡ ಬರುತ್ತವೆ. ಇಟಲಿಯ ಪಿಟೀಲು ವಾದಕ ಪಗನಿನಿಯ ವಿಷಯದಲ್ಲಿ ಇದು ಅತಿರೇಕಕ್ಕೆ ಹೋಯಿತು. ಅವನ ಬೆರಳುಗಳ ವೇಗವನ್ನು ನಂಬಲಾರದ ಜನ, ಆತ ಸೈತಾನನಿಗೆ ಆತ್ಮವನ್ನೇ ಮಾರಿಕೊಂಡಿದ್ದಾನೆ ಎಂದರು. 1840ರಲ್ಲಿ ಆತ ನೀಸ್ ನಗರದಲ್ಲಿ ತೀರಿಕೊಂಡಾಗ, ಅಲ್ಲಿನ ಬಿಷಪ್ ದಫನಕ್ಕೆ ಅನುಮತಿ ಕೊಡಲಿಲ್ಲ.

ಇದಕ್ಕೆ 21 ವರ್ಷ ಮೊದಲು, 1819ರಲ್ಲಿ, ಫ್ರೆಂಚ್ ಕಲಾವಿದ ಆಂಗ್ರ್ ರೋಮಿನಲ್ಲಿ ಪಗನಿನಿಯ ಭಾವಚಿತ್ರವೊಂದನ್ನು ಪೆನ್ಸಿಲಿನಲ್ಲಿ ಬರೆದ. ಅದೀಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಚಿತ್ರದಲ್ಲಿ ಪೆನ್ಸಿಲ್ ಎಲ್ಲ ಕಡೆಯೂ ಒಂದೇ ಬಗೆಯಲ್ಲಿ ದುಡಿದಿಲ್ಲ. ಮುಖದಲ್ಲಿ ಗೆರೆಗಳು ಎಷ್ಟು ನವಿರು ಎಂದರೆ ಗೆರೆಯೆಂದೇ ತೋರದೆ ನೆರಳಾಗಿಬಿಟ್ಟಿವೆ. ಬೆಳಕಿಗೆ ಬೇರೆ ಬಣ್ಣವಿಲ್ಲ. ಕಾಗದದ ಬಿಳುಪೇ ಹಣೆಯ ಬೆಳಕು. ಕೋಟಿಗೆ ಇಳಿದಂತೆ ಕೈ ಸಡಿಲವಾಗುತ್ತದೆ, ಗೆರೆಗಳು ಚುರುಕಾಗುತ್ತವೆ. ಹಿನ್ನೆಲೆಯಲ್ಲಿ ಏನೂ ಇಲ್ಲ. ಹೀಗಾಗಿ ನಮ್ಮ ಕಣ್ಣು ಎಲ್ಲಿ ಸುತ್ತಿದರೂ ಮತ್ತೆ ಮುಖಕ್ಕೇ ಮರಳುತ್ತದೆ. ಪಿಟೀಲು, ಕಮಾನು ಜೊತೆಗಿವೆ. ಆದರೆ ಆತ ನುಡಿಸುತ್ತಿಲ್ಲ. ಶಾಂತವಾಗಿ ನಮ್ಮತ್ತ ನೋಡುತ್ತಿದ್ದಾನೆ.

1831ರಲ್ಲಿ ದೆಲಾಕ್ರುವಾ ಇದೇ ವಾದಕನನ್ನು ತೈಲವರ್ಣದಲ್ಲಿ ಚಿತ್ರಿಸಿದ. ಅಲ್ಲಿ ಕತ್ತಲು, ತೆಳ್ಳಗಿನ ದೇಹ, ಮೈಮರೆತ ವಾದನ. ಜನ ಕಟ್ಟಿದ ಕಥೆಗೆ ಆ ಚಿತ್ರ ಹೆಚ್ಚು ಹತ್ತಿರ. ಆಂಗ್ರ್ ಕಂಡದ್ದು ಕಮಾನು ಕೆಳಗಿಳಿಸಿದ ಮನುಷ್ಯನನ್ನು. ಸ್ವತಃ ಪಿಟೀಲು ನುಡಿಸುತ್ತಿದ್ದ ಆಂಗ್ರ್‌ಗೆ ಆ ಬೆರಳುಗಳ ಹಿಂದೆ ಸೈತಾನನಲ್ಲ, ಸಾಧನೆ ಇದೆಯೆಂದು ತಿಳಿಯದೆ ಇರಲಾರದು.

ಈ ಚಿತ್ರ ತೀರಾ ಸೌಮ್ಯವಾಯಿತು, ಪಗನಿನಿಯ ತಳಮಳ ಇದರಲ್ಲಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಆಂಗ್ರ್‌ನ ಪೆನ್ಸಿಲ್ ಎದುರು ಕುಳಿತವರ ಮರ್ಯಾದೆ ಕಾಯುತ್ತಿತ್ತು. ನೆಪೋಲಿಯನ್ ಪತನದ ನಂತರ ಫ್ರೆಂಚ್ ಆಶ್ರಯದಾತರನ್ನು ಕಳೆದುಕೊಂಡ ಆತ, ರೋಮಿಗೆ ಬರುವ ಪ್ರವಾಸಿಗರ ಭಾವಚಿತ್ರ ಬರೆದೇ ಹೊಟ್ಟೆ ಹೊರೆಯಬೇಕಾಯಿತು. ಇತಿಹಾಸ, ಪುರಾಣಗಳ ದೊಡ್ಡ ಚಿತ್ರಗಳಿಂದ ಹೆಸರು ಬರಬೇಕೆಂಬುದು ಅವನ ಹಂಬಲ; ಈ ಕೆಲಸ ಅವನ ಪಾಲಿಗೆ ಬರೀ ಅನ್ನದ ದಾರಿ. ಆದರೆ ಆ ದೊಡ್ಡ ಚಿತ್ರಗಳ ಆಡಂಬರ ಇಂದು ಅನೇಕರಿಗೆ ದೂರದ್ದೆನಿಸುತ್ತದೆ. ಈ ಪುಟ್ಟ ಹಾಳೆ ಈಗಷ್ಟೇ ಬರೆದಂತಿದೆ.

ಚಿತ್ರ ಬರೆದಾಗ ಪಗನಿನಿಗೆ 36 ವರ್ಷ. ಊರಿನ ಮಾತು ಅವನ ಬಗ್ಗೆ ಏನೇ ಹೇಳಲಿ, ಈ ಹಾಳೆಯಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ, ಅಷ್ಟೇ. ಅಷ್ಟನ್ನು ಕಾಣಲು ಒಂದು ಪೆನ್ಸಿಲ್ ಮತ್ತು ಪೂರ್ವಗ್ರಹವಿಲ್ಲದ ಕಣ್ಣು ಸಾಕಾಯಿತು.